ದೋಣಿಗಲ್‌ನಿಂದ ಟ್ರಿಯೆಸ್ಟೆಗೆ

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಯೂರೋಪಿನಲ್ಲಿ ಓದಿದ ಅನುಭವ ಹೇಳಬೇಕೆಂದು ಸಂಘದ ಪದಾಧಿಕಾರಿಗಳು ಕೇಳಿಕೊಂಡರು. ವಿದೇಶದ ಓದು ಎಂದ ಕೂಡಲೇ ನಮ್ಮ ಮನೆಗಳಲ್ಲಿ ಬರುವ ಮೊದಲ ಮಾತು, "ಅಷ್ಟು ದುಡ್ಡು ಎಲ್ಲಿಂದ ತರುವುದು?" ಎಂಬುದು. ನನ್ನ ಅಬ್ಬಾ ದೋಣಿಗಲ್ ಹತ್ತಿರದ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದವರು. ಅವರೂ ಇದನ್ನೇ ಕೇಳಿದರು. ಆ ಪ್ರಶ್ನೆಗೆ ಉತ್ತರ ಕೊಡುವುದೇ ಈ ದಿನದ ನನ್ನ ಮಾತಿನ ಉದ್ದೇಶ.

ಹಾಸನದಲ್ಲಿ ಬಿ.ಕಾಂ. ಮುಗಿಸಿದ ಮೇಲೆ ವ್ಯವಹಾರ ಶಾಸ್ತ್ರದ ಸ್ನಾತಕೋತ್ತರ ಓದಿಗೆ ನಾನು ಆರಿಸಿಕೊಂಡದ್ದು ಇಟಲಿಯ ಟ್ರಿಯೆಸ್ಟೆ ನಗರವನ್ನು. ಸುಮಾರು ಎರಡು ಲಕ್ಷ ಜನರಿರುವ ಬಂದರು ನಗರ ಅದು. 1719ರಲ್ಲಿ ಚಕ್ರವರ್ತಿ ಆರನೆಯ ಚಾರ್ಲ್ಸ್ ಅದನ್ನು ಸುಂಕಮುಕ್ತ ಬಂದರೆಂದು ಘೋಷಿಸಿದ ಮೇಲೆ ಹಡಗುಗಳೊಂದಿಗೆ ಕಾಫಿಯೂ ಬಂತು. ಇಂದಿಗೂ ಅದು ಇಟಲಿಯ ಕಾಫಿಯ ಹೆಬ್ಬಾಗಿಲು. ಭಾರತದ ಕಾಫಿಯನ್ನು ಬಹಳ ವರ್ಷಗಳಿಂದ ಅತಿ ಹೆಚ್ಚು ಕೊಳ್ಳುತ್ತಿರುವ ದೇಶವೂ ಇಟಲಿಯೇ. ನಮ್ಮ ಬೆಟ್ಟದ ಬೆಳೆ ಎಲ್ಲಿಗೆ ಹೋಗುತ್ತದೆಯೋ ಅಲ್ಲಿಯೇ ಹೋಗಿ ವ್ಯಾಪಾರ ಕಲಿಯೋಣ ಎಂದು ನನಗೆ ಅನ್ನಿಸಿತು. ಅಲ್ಲಿ 1933ರಲ್ಲಿ ಆರಂಭವಾದ ಪ್ರಸಿದ್ಧ ಕಾಫಿ ಕಂಪನಿಯ ಹೆಸರು 'ಇಲ್ಲಿ'. ಫೋನಿನಲ್ಲಿ "ಇಲ್ಲಿ ಕಂಪನಿ ಅಲ್ಲಿದೆ" ಎಂದು ಹೇಳಿದರೆ ಮನೆಯವರಿಗೆ ಅರ್ಥವೇ ಆಗುತ್ತಿರಲಿಲ್ಲ! ಬಡ ರಾಷ್ಟ್ರಗಳ ವಿಜ್ಞಾನಿಗಳಿಗೆ ನೆರವಾಗಲೆಂದು ಭೌತವಿಜ್ಞಾನಿ ಅಬ್ದುಸ್ಸಲಾಂ 1964ರಲ್ಲಿ ಸ್ಥಾಪಿಸಿದ ಅಂತರರಾಷ್ಟ್ರೀಯ ಕೇಂದ್ರವೂ ಅದೇ ಊರಿನಲ್ಲಿದೆ.

ಇನ್ನು ದುಡ್ಡಿನ ವಿಷಯ. ಯೋಗ್ಯ ವಿದ್ಯಾರ್ಥಿಗೆ ಹಣವಿಲ್ಲದಿದ್ದರೂ ಉನ್ನತ ಶಿಕ್ಷಣದ ಹಕ್ಕಿದೆ ಎಂದು 1948ರಲ್ಲಿ ಜಾರಿಗೆ ಬಂದ ಇಟಲಿಯ ಸಂವಿಧಾನದ 34ನೇ ವಿಧಿ ಹೇಳುತ್ತದೆ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಶುಲ್ಕವನ್ನು ಸಾಮಾನ್ಯವಾಗಿ ಕುಟುಂಬದ ಆದಾಯ ನೋಡಿ ನಿಗದಿ ಮಾಡುತ್ತಾರೆ. ಪ್ರಾಂತೀಯ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಹೊರದೇಶದವರೂ ಅರ್ಜಿ ಹಾಕಬಹುದು. ಅದು ಸಿಕ್ಕಿದರೆ ಶುಲ್ಕವಿಲ್ಲ. ಹಾಸ್ಟೆಲ್, ಊಟ, ಕೈಖರ್ಚಿಗೂ ನೆರವಾಗುತ್ತದೆ. ಇದಕ್ಕೆ ಬೇಕಾದದ್ದು ಕಾಗದಪತ್ರಗಳು: ಕುಟುಂಬದ ಆದಾಯ, ಮನೆಯಲ್ಲಿರುವವರ ವಿವರ, ಆಸ್ತಿ ಮತ್ತು ಬ್ಯಾಂಕ್ ಖಾತೆಯ ದಾಖಲೆ. ಅವುಗಳಿಗೆ ನಮ್ಮ ಸರ್ಕಾರದ ಅಪೋಸ್ಟೀಲ್ ಮುದ್ರೆ, ಇಟಾಲಿಯನ್ ಅನುವಾದ. ಮಧ್ಯವರ್ತಿಯೊಬ್ಬರು ಇದಕ್ಕೆಲ್ಲ ಲಕ್ಷಗಟ್ಟಲೆ ಕೇಳಿದರು. ಅಬ್ಬಾ ತೋಟದ ಲೆಕ್ಕ ಬರೆದ ಕೈಯವರು. "ಇದು ಅರ್ಜಿ ತುಂಬುವ ಕೆಲಸ ತಾನೇ, ನಾವೇ ಮಾಡೋಣ" ಎಂದರು. ನಾಡಕಚೇರಿಗೂ ತಾಲ್ಲೂಕು ಕಚೇರಿಗೂ ತಿಂಗಳುಗಟ್ಟಲೆ ಓಡಾಡಿದ್ದು ನಿಜ. ಆದರೆ ನಮ್ಮ ಸಣ್ಣ ಮನೆಯನ್ನು ಅಡವಿಡುವ ಪ್ರಸಂಗ ಬರಲಿಲ್ಲ.

ಎಲ್ಲವೂ ಪುಕ್ಕಟೆ ಎಂದು ಯಾರೂ ಭಾವಿಸಬೇಡಿ. ವಿಮಾನ, ವೀಸಾ, ವಿಮೆಯ ಖರ್ಚು ನಮ್ಮದೇ. ವಿದ್ಯಾರ್ಥಿವೇತನದ ಮೊದಲ ಕಂತು ಕೈಸೇರಲು ಕೆಲವು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಕೈಯಲ್ಲಿ ಹಣವಿರಬೇಕು. ನಿಗದಿತ ಅವಧಿಯಲ್ಲಿ ಗೊತ್ತುಪಡಿಸಿದಷ್ಟು ಕ್ರೆಡಿಟ್ ಗಳಿಸದಿದ್ದರೆ ಪಡೆದ ಹಣವನ್ನು ವಾಪಸ್ ಕೊಡಬೇಕಾಗುತ್ತದೆ. ವಾರಕ್ಕೆ 20 ಗಂಟೆ ದುಡಿಯಲು ಅನುಮತಿಯಿದೆ, ಆದರೆ ಇಟಾಲಿಯನ್ ಬಾರದವನಿಗೆ ಕೆಲಸ ಸಿಗುವುದು ಕಷ್ಟ. ಹೋಗುವ ಮೊದಲೇ ಆರು ತಿಂಗಳಾದರೂ ಆ ಭಾಷೆ ಕಲಿಯಿರಿ.

ಅಲ್ಲಿಯ ಪರೀಕ್ಷೆಯೂ ಬೇರೆ. ಬಹಳಷ್ಟು ವಿಷಯಗಳಲ್ಲಿ ಪ್ರಾಧ್ಯಾಪಕರ ಎದುರು ಕುಳಿತು ಬಾಯಿಮಾತಿನಲ್ಲಿ ಉತ್ತರಿಸಬೇಕು. 30ಕ್ಕೆ 18 ಬಂದರೆ ಪಾಸು. ಬಂದ ಅಂಕ ಸಾಲದೆನಿಸಿದರೆ ಬೇಡವೆಂದು ಹೇಳಿ ಮತ್ತೆ ಪರೀಕ್ಷೆಗೆ ಕೂರಬಹುದು. ಗೈಡ್ ಉರುಹೊಡೆದವನಿಗೆ ಎರಡನೇ ಪ್ರಶ್ನೆಗೇ ಮಾತು ನಿಲ್ಲುತ್ತದೆ. 'ಏಕೆ?' ಎಂದು ಅವರು ಕೇಳುತ್ತಲೇ ಹೋಗುತ್ತಾರೆ. ಇಲ್ಲಿರುವ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ: ತರಗತಿಯಲ್ಲಿ ನಮ್ಮ ಮಕ್ಕಳಿಗೆ, ಅದರಲ್ಲೂ ಹಿಂದಿನ ಬೆಂಚಿನ ಹೆಣ್ಣುಮಕ್ಕಳಿಗೆ, ಎದ್ದು ನಿಂತು ಮಾತಾಡುವ ಅಭ್ಯಾಸ ಮಾಡಿಸಿ.

ಚಳಿಗಾಲದಲ್ಲಿ ಅಲ್ಲಿ 'ಬೋರಾ' ಎಂಬ ಗಾಳಿ ಬೀಸುತ್ತದೆ. ನಮ್ಮ ಘಟ್ಟದ ಜುಲೈ ತಿಂಗಳ ಗಾಳಿ ಕಂಡವನಿಗೂ ಅದರ ಮುಂದೆ ಕಾಲು ನಿಲ್ಲುವುದಿಲ್ಲ. ಕ್ಯಾಂಟೀನಿನಲ್ಲಿ ಮೀನು, ಪಾಸ್ತಾ, ತರಕಾರಿಯಲ್ಲಿ ನನ್ನ ಊಟ ಮುಗಿಯುತ್ತಿತ್ತು. ರಂಜಾನಿನಲ್ಲಿ ಮೊರಾಕ್ಕೊ, ಬಾಂಗ್ಲಾದೇಶ, ಟರ್ಕಿಯ ಹುಡುಗರು ಸೇರಿ ಹಾಸ್ಟೆಲಿನ ಅಡುಗೆಮನೆಯಲ್ಲಿ ಇಫ್ತಾರ್ ಮಾಡುತ್ತಿದ್ದೆವು. ಇಟಲಿಯ ಸಹಪಾಠಿಗಳೂ ಬಂದು ಕೂರುತ್ತಿದ್ದರು.

ಓದಿನಲ್ಲಿ ನನಗೆ ದೊಡ್ಡ ಪಾಠವಾದದ್ದು ಒಂದು ಲೆಕ್ಕ. 2024ರಲ್ಲಿ ರೋಬಸ್ಟಾ ಚೆರ್ರಿಯ 50 ಕೆ.ಜಿ. ಮೂಟೆ 10 ಸಾವಿರ ರೂಪಾಯಿ ದಾಟಿದಾಗ ನಮ್ಮ ಊರಲ್ಲಿ ಹಬ್ಬದ ಸಂಭ್ರಮ. ಆ ಮೂಟೆಯ ಔಟ್‌ಟರ್ನ್ ಸುಮಾರು 26 ಕೆ.ಜಿ. ಬೀಜ. ಹುರಿದ ಮೇಲೆ 21 ಕೆ.ಜಿ. ಉಳಿಯಿತೆನ್ನಿ. ಒಂದು ಎಸ್‌ಪ್ರೆಸೊಗೆ 7 ಗ್ರಾಂ ಪುಡಿ. ಅಂದರೆ ಮೂರು ಸಾವಿರ ಕಪ್. ಕಪ್ಪಿಗೆ ಒಂದೇ ಯೂರೋ ಎಂದು ಹಿಡಿದರೂ, ಆಗಿನ ಸುಮಾರು 90 ರೂಪಾಯಿ ದರದಲ್ಲಿ ಎರಡು ಲಕ್ಷ 70 ಸಾವಿರ ರೂಪಾಯಿ! ಮಧ್ಯದಲ್ಲಿರುವವರೆಲ್ಲ ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ಕ್ಯೂರಿಂಗ್, ಹಡಗು, ವಿಮೆ, ಹುರಿಯುವುದು, ಅಂಗಡಿ ಬಾಡಿಗೆ, ಸಂಬಳ, ತೆರಿಗೆ ಎಲ್ಲವೂ ಅದರಲ್ಲಿದೆ. ಆದರೆ ಆ ಹತ್ತು ಮೆಟ್ಟಿಲುಗಳಲ್ಲಿ ನಮ್ಮವರು ನಿಂತಿರುವುದು ಕೆಳಗಿನ ಒಂದೆರಡರಲ್ಲಿ ಮಾತ್ರ: ಹಣ್ಣು ಕೊಯ್ಯುವವರು, ಲಾರಿ ಓಡಿಸುವವರು, ಮೂಟೆ ಕೊಳ್ಳುವ ಸಣ್ಣ ವ್ಯಾಪಾರಿಗಳು. ಮೇಲಿನ ಮೆಟ್ಟಿಲಿಗೆ ಬೇಕಾದದ್ದು ವಿದ್ಯೆ.

ಅದಕ್ಕೆ ಈಗಲೇ ಅವಕಾಶವಿದೆ. ಕಾಡು ಕಡಿದು ಬೆಳೆದ ಕಾಫಿಯನ್ನು ಕೊಳ್ಳಬಾರದೆಂದು ಯೂರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿದೆ. ಜಾರಿಯ ದಿನಾಂಕವನ್ನು ಎರಡು ಬಾರಿ ಮುಂದೂಡಿದ್ದಾರೆ. ಆದರೂ ತೋಟದ ಅಕ್ಷಾಂಶ ರೇಖಾಂಶ ಸಮೇತ ದಾಖಲೆ ಕೊಡುವ ಕೆಲಸ ಬಂದೇ ಬರುತ್ತದೆ. ಎರಡು ಎಕರೆಯ ಬೆಳೆಗಾರನಿಗೆ ಅದನ್ನು ಮಾಡಿಕೊಡುವವರು ಯಾರು? ವಾಣಿಜ್ಯ ಓದಿದ ನಮ್ಮ ಹುಡುಗ ಹುಡುಗಿಯರೇ ಏಕಾಗಬಾರದು? ನಾನು ಊರಿಗೆ ಮರಳಿ ಕೈಹಾಕಿರುವುದು ಈ ಕೆಲಸಕ್ಕೇ.

ಕೊನೆಯದಾಗಿ ಎರಡು ಮಾತು. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯ ನೀಡುತ್ತಿದ್ದ ಕೇಂದ್ರದ 'ಪಢೋ ಪರದೇಶ್' ಯೋಜನೆ 2022-23ರಿಂದ ನಿಂತುಹೋಗಿದೆ. ಹಳೆಯ ಕರಪತ್ರ ನಂಬಿ ಕೂರಬೇಡಿ. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ಈಗಿನ ನಿಯಮವನ್ನು ನೀವೇ ವಿಚಾರಿಸಿ. ಎರಡನೆಯದು ಸಂಘಕ್ಕೆ: ಪ್ರತಿಭಾ ಪುರಸ್ಕಾರದ ಜೊತೆಗೆ, ವಾರಕ್ಕೊಂದು ದಿನ ಅರ್ಜಿ ತುಂಬಿಸಿಕೊಡುವ ಒಂದು ಮೇಜು ಹಾಕಿ. ಆ ಮೇಜಿನ ಹಿಂದೆ ಕೂರಲು ನಾನು ಸಿದ್ಧನಿದ್ದೇನೆ. ಹಣವಿಲ್ಲದೆ ನಿಂತ ಓದಿಗಿಂತ, ದಾರಿ ಗೊತ್ತಿಲ್ಲದೆ ನಿಂತ ಓದು ನಮ್ಮಲ್ಲಿ ಹೆಚ್ಚು ಎಂಬುದು ನನ್ನ ನಂಬಿಕೆ.