ಶ್ರೀಮಂತ ವೃದ್ಧನಿವಾಸಗಳ ಸಾಧಕಬಾಧಕ ವಿಚಾರ

(ಶ್ರೀಮಠದ ಜ್ಯೂಬಿಲಿ ಮಹೋತ್ಸವದ ಭಕ್ತಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ನನಗೆ ಅಪ್ಪಣೆಯಾಗಿರುವ ವಿಷಯವನ್ನು ಯಥಾಮತಿ ಅರಿಕೆಮಾಡಿಕೊಳ್ಳುತ್ತೇನೆ. ಷಟ್‌ಸ್ಥಲದ ಸೂಕ್ಷ್ಮವನ್ನೋ ಮಠದ ಪೂರ್ವೇತಿಹಾಸವನ್ನೋ ವಿವರಿಸೆಂದು ಹೇಳಿದ್ದರೆ, ಪಾಠಶಾಲೆಯ ಜಗಲಿಯಲ್ಲಿ ಬೆಳೆದ ನನ್ನಂಥವನಿಗೆ ಅದು ಸುಲಭವಾಗುತ್ತಿದ್ದಿತು. ಆದರೆ ಶ್ರೀಗಳವರು, “ಮುಪ್ಪಿನಲ್ಲಿ ಎಲ್ಲಿರಬೇಕೆಂದು ಕೇಳಿಕೊಂಡು ಬರುವ ಭಕ್ತರು ಈಚೆಗೆ ಹೆಚ್ಚಿರುವರು, ಅವರಿಗೆ ಉಪಯೋಗವಾಗುವಂತೆ ಮಾತನಾಡಿ” ಎಂದು ಆಜ್ಞಾಪಿಸಿದರು. ಆದುದರಿಂದ ಗ್ರಂಥವನ್ನು ಬದಿಗಿಟ್ಟು, ನಾನು ಕಣ್ಣಾರೆ ಕಂಡ ಒಂದು ಸಂಗತಿಯಿಂದಲೇ ಆರಂಭಿಸುತ್ತೇನೆ.

ಶ್ರೀಮಠದ ಹಳೆಯ ಭಕ್ತರೊಬ್ಬರಿರುವರು. ಸರ್ಕಾರದ ಕೆಲಸದಿಂದ ನಿವೃತ್ತರಾದವರು, ವಯಸ್ಸು 71. ಒಬ್ಬನೇ ಮಗನು ಅಮೆರಿಕದಲ್ಲಿ ನೆಲಸಿರುವನು. ಇವರು ಒಂದು ದಿನ ಕಾಗದಪತ್ರಗಳ ಒಂದು ಕಟ್ಟನ್ನು ತಂದು ನನ್ನ ಮುಂದಿಟ್ಟು, “ಶಾಸ್ತ್ರಿಗಳೇ, ಬೆಂಗಳೂರಿನ ಹೊರವಲಯದಲ್ಲಿ ಹಿರಿಯರಿಗಾಗಿಯೇ ಕಟ್ಟಿದ ಒಂದು ನಿವಾಸವಿದೆ. ಊರಿನ ಮನೆಯನ್ನು ಮಾರಿ ಅಲ್ಲಿ ಸೇರಬೇಕೆಂದು ಮಗನ ಒತ್ತಾಯ. ನೀವು ಒಮ್ಮೆ ನೋಡಿ ಹೇಳಿ” ಎಂದರು. ನಾನು ನೋಡದೆಯೇ ಹೇಳಿಬಿಟ್ಟೆನು: “ಹೆತ್ತವರನ್ನು ಹಣಕೊಟ್ಟು ಇರಿಸುವ ಸ್ಥಳವು ಎಷ್ಟು ದೊಡ್ಡದಾದರೇನು, ಅನಾಥಾಲಯವೇ ಸರಿ.” ಅವರು ಏನನ್ನೂ ಹೇಳದೆ ಕಾಗದಗಳನ್ನು ಮತ್ತೆ ಕಟ್ಟಿದರು. ಅವರ ಮೌನವು ನನ್ನನ್ನು ಎರಡು ದಿನ ಕಾಡಿತು. ಮೂರನೆಯ ದಿನ ನಾನೇ ಅವರ ಮನೆಗೆ ಹೋಗಿ, “ನಡೆಯಿರಿ, ಹೋಗಿ ನೋಡಿಬರೋಣ” ಎಂದೆನು.

ಇಂಥ ನಿವಾಸಗಳು ನಮ್ಮಲ್ಲಿ ಹುಟ್ಟಿದವಲ್ಲ. ಅಮೆರಿಕದ ಆರಿಜೋನಾ ಪ್ರಾಂತದಲ್ಲಿ ಡೆಲ್ ವೆಬ್ ಎಂಬ ಕಟ್ಟಡದ ಗುತ್ತಿಗೆದಾರನು 1960ರಲ್ಲಿ ಸನ್ ಸಿಟಿ ಎಂಬ ಊರನ್ನೇ ನಿವೃತ್ತರಿಗಾಗಿ ತೆರೆದನು. ಮನೆಯೊಂದರಲ್ಲಿ ಒಬ್ಬರಿಗಾದರೂ 55 ವರ್ಷ ತುಂಬಿರಬೇಕೆಂಬುದು ಅಲ್ಲಿಯ ನಿಯಮ. ನಮ್ಮ ದೇಶದಲ್ಲಿ ಕೊಯಮತ್ತೂರು, ಚೆನ್ನೈ, ಪುಣೆ, ಬೆಂಗಳೂರುಗಳ ಸುತ್ತಮುತ್ತ ಈ ಪದ್ಧತಿಯು ಬೇರೂರಿದೆ. 2011ರ ಜನಗಣತಿಯಲ್ಲಿಯೇ 60 ವರ್ಷ ಮೀರಿದವರು ದೇಶದಲ್ಲಿ 10 ಕೋಟಿಗೂ ಮೇಲ್ಪಟ್ಟಿದ್ದರು. ಮಕ್ಕಳು ಒಬ್ಬರೋ ಇಬ್ಬರೋ, ಅವರೂ ದೂರದೇಶದಲ್ಲಿ. ಇಂತಿರುವಾಗ ವ್ಯಾಪಾರಸ್ಥರು ಇತ್ತ ದೃಷ್ಟಿ ಹಾಯಿಸಿದುದು ಸಹಜವೇ.

ನಾವು ಕಂಡ ನಿವಾಸವು ನಾನು ಕಲ್ಪಿಸಿದ್ದಂತೆ ಇರಲಿಲ್ಲವೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಹೊಸ್ತಿಲುಗಳಿಲ್ಲದ ಬಾಗಿಲುಗಳು, ಜಾರದ ನೆಲ, ಬಚ್ಚಲಿನಲ್ಲಿ ಹಿಡಿದು ನಿಲ್ಲಲು ಗೋಡೆಗೆ ಕಂಬಿಗಳು, ಮಂಚದ ಪಕ್ಕದಲ್ಲಿಯೂ ಬಚ್ಚಲಿನಲ್ಲಿಯೂ ಒತ್ತಿದೊಡನೆ ದಾದಿಯನ್ನು ಕರೆಯುವ ಗುಂಡಿ, ಮಲಗಿಸಿದ ರೋಗಿಯನ್ನು ಒಯ್ಯುವಷ್ಟು ವಿಶಾಲವಾದ ಲಿಫ್ಟು, ಬಾಗಿಲಲ್ಲಿ ಆಂಬುಲೆನ್ಸು. ಇವು ವೈಭವವಲ್ಲ. ಮುಪ್ಪಿನಲ್ಲಿ ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡವರು ಎಷ್ಟೋ ಜನ ಮರಳಿ ನಡೆಯಲೇ ಇಲ್ಲವೆಂಬುದನ್ನು ಈ ಸಭೆಯಲ್ಲಿ ಅರಿಯದವರು ಯಾರು? ನಮ್ಮ ಹಳೆಯ ಮನೆಗಳ ಎತ್ತರದ ಹೊಸ್ತಿಲು, ಪಾಚಿಗಟ್ಟಿದ ಬಚ್ಚಲುಕಲ್ಲು, ಹಿತ್ತಲಿನಲ್ಲಿ ದೂರವಿರುವ ಪಾಯಿಖಾನೆ, ಇವುಗಳನ್ನು ನೆನೆದಾಗ ಧರ್ಮದ ಹೆಸರಿನಲ್ಲಿ ನಾನು ಆಡಿದ್ದ ಮಾತಿಗೆ ನಾಚಿಕೆಯಾಯಿತು.

ಆದರೆ ನನ್ನ ಅಭಿಪ್ರಾಯವನ್ನು ನಿಜವಾಗಿ ಸಡಿಲಿಸಿದುದು ಕಟ್ಟಡವಲ್ಲ, ಆ ಭಕ್ತರ ಧರ್ಮಪತ್ನಿಯವರ ಮಾತು. ಯಜಮಾನರು ದಾರಿಯುದ್ದಕ್ಕೂ, “ಇವಳಿಗೆ ಊರು ಬಿಟ್ಟು ಇರಲಾಗದು” ಎಂದೇ ಹೇಳುತ್ತಿದ್ದರು. ಅಲ್ಲಿಯ ಊಟದ ಮನೆಯನ್ನು ನೋಡಿ ಬಂದ ಮೇಲೆ ಆ ತಾಯಿಯವರು ಮೆಲ್ಲನೆ, “ಶಾಸ್ತ್ರಿಗಳೇ, ಊರು ಬಿಡಲಾಗದವರು ಇವರು, ನಾನಲ್ಲ. ನಲವತ್ತೈದು ವರ್ಷ ಒಲೆಯ ಮುಂದೆ ನಿಂತಿದ್ದೇನೆ. ಈಗ ಮೊಣಕಾಲು ನಿಲ್ಲಗೊಡುವುದಿಲ್ಲ. ಇನ್ನೊಬ್ಬರು ಮಾಡಿದ ಬಿಸಿ ಅನ್ನವನ್ನು ಕುಳಿತು ಉಣ್ಣಬೇಕೆಂಬ ಆಸೆ ನನಗೂ ಇದೆ” ಎಂದರು. ನಾವು ವೃದ್ಧಾಪ್ಯದ ವಿಷಯವನ್ನು ಚರ್ಚಿಸುವಾಗ ಮನೆಯ ಹಿರಿಯನ ಗೌರವವನ್ನೇ ಕುರಿತು ಮಾತನಾಡುತ್ತೇವೆ. ಆ ಗೌರವವನ್ನು ದಿನದಿನವೂ ಬೇಯಿಸಿ ಬಡಿಸುವವರು ಯಾರೆಂದು ಕೇಳುವುದಿಲ್ಲ.

ಇನ್ನು ಬಾಧಕಗಳ ವಿಚಾರ. ಮೊದಲನೆಯದು ಹಣ, ಇದನ್ನು ಕುರಿತು ಮಠದಲ್ಲಿ ಮಾತನಾಡುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಇಂಥ ನಿವಾಸಗಳಲ್ಲಿ ಮನೆಯನ್ನು ಕ್ರಯಕ್ಕೆ ಕೊಳ್ಳುವುದು, ದೊಡ್ಡ ಠೇವಣಿಯನ್ನಿಟ್ಟು ಇರುವುದು, ತಿಂಗಳ ಬಾಡಿಗೆ ಕೊಡುವುದು ಎಂದು ಬೇರೆಬೇರೆ ಕ್ರಮಗಳುಂಟು. ಯಾವ ಕ್ರಮವಾದರೂ ಊಟ, ನಿರ್ವಹಣೆ, ಶುಶ್ರೂಷೆಗಳಿಗಾಗಿ ತಿಂಗಳು ತಿಂಗಳೂ ಕೊಡುವುದು ತಪ್ಪದು. ಅದು ತಿಂಗಳಿಗೆ 50,000 ರೂಪಾಯಿಯೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ವರ್ಷಕ್ಕೆ ನೂರಕ್ಕೆ 6ರಂತೆ ಏರಿದರೆ 12 ವರ್ಷಗಳಲ್ಲಿ ಅದು ಇಮ್ಮಡಿಯಾಗುವುದು. ಅಂದರೆ 71ನೆಯ ವಯಸ್ಸಿನಲ್ಲಿ ಸೇರಿದವನು 83ನೆಯ ವಯಸ್ಸಿನಲ್ಲಿ ತಿಂಗಳಿಗೆ ಲಕ್ಷ ರೂಪಾಯಿಯನ್ನು ತೆರಬೇಕು. ಪಿಂಚಣಿಯು ಆ ವೇಗದಿಂದ ಬೆಳೆಯದಿದ್ದರೆ, ಶರೀರವು ಅತ್ಯಂತ ದುರ್ಬಲವಾದ ಕಾಲದಲ್ಲಿಯೇ ಕೈಯೂ ಬರಿದಾಗುವುದು. ನಮಗೆ ಕೊಟ್ಟ ಅಂದವಾದ ಪುಸ್ತಿಕೆಯಲ್ಲಿ ಈಜುಕೊಳದ ಚಿತ್ರವಿದ್ದಿತು, ಈ ಲೆಕ್ಕವಿರಲಿಲ್ಲ.

ಎರಡನೆಯದು ಕರಾರುಪತ್ರ. ತರ್ಕಶಾಸ್ತ್ರದ ಪಂಕ್ತಿಗಳಲ್ಲಿ ತಲೆ ಬೆಳ್ಳಗೆ ಮಾಡಿಕೊಂಡ ನಾನು ಆ ಪತ್ರವನ್ನು ವಕೀಲರಾದ ಭಕ್ತರೊಬ್ಬರೊಡನೆ ಕುಳಿತು ಎರಡು ಸಾಯಂಕಾಲ ಓದಿದೆನು. ಮನೆ ಕಟ್ಟಿ ಮಾರುವವನು ಒಬ್ಬನು, ಬಳಿಕ ಊಟ ಉಪಚಾರಗಳನ್ನು ನಡೆಸುವವನು ಮತ್ತೊಬ್ಬನು. ಎರಡನೆಯವನು ಬಿಟ್ಟುಹೋದರೆ ಗತಿಯೇನೆಂಬುದಕ್ಕೆ ಪತ್ರದಲ್ಲಿ ಉತ್ತರವಿಲ್ಲ. 2016ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆಯು ಮುಖ್ಯವಾಗಿ ಕಟ್ಟಡವನ್ನೂ ಅದರ ಹಸ್ತಾಂತರವನ್ನೂ ಕುರಿತದ್ದು; ನಿತ್ಯದ ಅನ್ನವೂ ರಾತ್ರಿಯ ದಾದಿಯೂ ಕರಾರಿನ ಬಲದಿಂದಲೇ ನಿಲ್ಲತಕ್ಕವು. ಕೇಂದ್ರ ಸರ್ಕಾರವು 2019ರಲ್ಲಿ ನಿವೃತ್ತರ ನಿವಾಸಗಳಿಗೆ ಮಾದರಿ ಮಾರ್ಗಸೂಚಿಗಳನ್ನು ಹೊರಡಿಸಿರುವುದು ನಿಜ. ಆದರೆ ಮಾದರಿಯೆಂಬುದು ಮಾದರಿಯೇ ಹೊರತು ಶಾಸನವಲ್ಲ. ನಾವು ಕೇಳಿದ ಪ್ರಶ್ನೆಗಳು ಇವು: ದಂಪತಿಗಳಲ್ಲಿ ಒಬ್ಬರು ಲಿಂಗೈಕ್ಯರಾದರೆ ಉಳಿದವರ ಶುಲ್ಕವೆಷ್ಟು? ಠೇವಣಿಯು ಎಷ್ಟು ಕಡಿತವಾಗಿ, ಎಷ್ಟು ತಿಂಗಳಲ್ಲಿ ಮರಳುವುದು? ಮಗನು ಊರಿಗೆ ಬಂದರೆ ಎಷ್ಟು ದಿನ ಜೊತೆಯಲ್ಲಿರಬಹುದು? ಹಾಸಿಗೆ ಹಿಡಿದರೆ, ಅಥವಾ ಮರೆವಿನ ರೋಗವು ಬಂದು ತಮ್ಮವರನ್ನೇ ಗುರುತಿಸಲಾರದೆ ಹೋದರೆ, ಅಲ್ಲಿಯೇ ಇಟ್ಟುಕೊಳ್ಳುವರೋ, ಬೇರೆ ಆರೈಕೆಗೆ ಒಯ್ಯಿರೆನ್ನುವರೋ? ಕಡೆಯ ಪ್ರಶ್ನೆಗೆ ಅಲ್ಲಿಯ ತರುಣ ಅಧಿಕಾರಿಯು ವಿನಯದಿಂದ ನಕ್ಕು, “ಅಂಥ ಸಂದರ್ಭದಲ್ಲಿ ಕುಟುಂಬದವರೊಡನೆ ಸಮಾಲೋಚಿಸುತ್ತೇವೆ” ಎಂದನು. ಯಾವ ಭಯದಿಂದ ಪಾರಾಗಲೆಂದು ಅಲ್ಲಿಗೆ ಹೋಗುವೆವೋ ಆ ಭಯಕ್ಕೆ ಅಲ್ಲಿ ಲಿಖಿತವಾದ ಅಭಯವಿಲ್ಲ.

ಮೂರನೆಯದು ನಮ್ಮ ಆಚಾರಕ್ಕೆ ಸಂಬಂಧಿಸಿದುದು. ಇಷ್ಟಲಿಂಗಪೂಜೆಗೆ ಅಡ್ಡಿಯಿಲ್ಲ, ಕೋಣೆಯೂ ಉಂಟು, ಏಕಾಂತವೂ ಉಂಟು. ಗುಡಿಗೆ ಹೋಗಲೇಬೇಕೆಂಬ ಹಂಗಿಲ್ಲದ, ಅಂಗೈಯಲ್ಲಿಯೇ ಆರಾಧ್ಯವುಳ್ಳ ನಮಗೆ ಈ ವಿಷಯದಲ್ಲಿ ಅನುಕೂಲವೇ ಹೆಚ್ಚು. ಊಟವು ಸಸ್ಯಾಹಾರವೇ, ಆದರೆ ಜೋಳದ ರೊಟ್ಟಿಯು ವಾರಕ್ಕೊಮ್ಮೆ. ನಗಬೇಡಿರಿ, ಎಪ್ಪತ್ತು ವರ್ಷ ರೊಟ್ಟಿ ಉಂಡ ಹೊಟ್ಟೆಗೆ ಇದು ಸಣ್ಣ ಮಾತಲ್ಲ. ಸೇವಕರಲ್ಲಿ ಅನೇಕರಿಗೆ ಕನ್ನಡ ಬಾರದು. ನಡುರಾತ್ರಿ ಎದೆನೋವು ಬಂದಾಗ ನೋವನ್ನು ಹಿಂದಿಯಲ್ಲಿ ವಿವರಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮಲ್ಲಿ ದೇಹವನ್ನು ದಹಿಸದೆ ಸಮಾಧಿಮಾಡುವ ಸಂಪ್ರದಾಯವಿರುವುದರಿಂದ, ಆ ಹೊತ್ತಿಗೆ ಭೂಮಿ ಎಲ್ಲಿ, ಕ್ರಿಯೆ ನಡೆಸುವ ಜಂಗಮರು ಯಾರು, ಊರಿಗೆ ಒಯ್ಯುವವರಾರು ಎಂಬುದನ್ನು ಮೊದಲೇ ಬರೆದಿಡಬೇಕು. ಮಗನು ವಿಮಾನ ಹತ್ತಿ ಬರುವವರೆಗೆ ನಿರ್ಧರಿಸುವವರಿಲ್ಲದೆ ದೇಹವು ಶೀತಪೆಟ್ಟಿಗೆಯಲ್ಲಿ ಕಾಯುವಂತಾಗಬಾರದು.

ಇಂಥ ನಿವಾಸಗಳನ್ನು ಕೆಲವರು ವಾನಪ್ರಸ್ಥವೆಂದು ಹೊಗಳುವುದುಂಟು. ಈ ಹೋಲಿಕೆಯು ಎರಡು ಕಡೆಯಿಂದಲೂ ತಪ್ಪು. ವಾನಪ್ರಸ್ಥನು ಸೌಕರ್ಯವನ್ನು ಬಿಟ್ಟು ಹೋಗುವವನು, ಇವರು ಸೌಕರ್ಯವನ್ನು ಅರಸಿ ಹೋಗುವವರು. ಶರಣಮಾರ್ಗದಲ್ಲಂತೂ ಮುಪ್ಪಿಗೆಂದು ಬೇರೊಂದು ಆಶ್ರಮವಿಲ್ಲ. ಕಾಯಕಕ್ಕೂ ದಾಸೋಹಕ್ಕೂ ನಿವೃತ್ತಿಯ ವಯಸ್ಸನ್ನು ನಮ್ಮ ಹಿರಿಯರು ಗೊತ್ತುಪಡಿಸಲಿಲ್ಲ. ನನ್ನ ಮನಸ್ಸಿಗೆ ಅಲ್ಲಿ ಹಿಡಿಸದೆಹೋದುದು ಇದೇ. ಬೆಳಗಿನಿಂದ ರಾತ್ರಿಯವರೆಗೆ ಎಲ್ಲವನ್ನೂ ಇನ್ನೊಬ್ಬರು ಮಾಡುವರು. ತೋಟದಲ್ಲಿ ಒಂದು ಗಿಡಕ್ಕೆ ನೀರೆರೆಯಹೋದ ವೃದ್ಧರೊಬ್ಬರನ್ನು ಮಾಲಿಯು ತಡೆದು, “ಸಾರ್, ನೀವು ಕುಳಿತುಕೊಳ್ಳಿ” ಎಂದು ಕೈಯಿಂದ ಪಾತ್ರೆಯನ್ನು ತೆಗೆದುಕೊಂಡನು. ಅವರು ಕುಳಿತುಕೊಂಡರು. ಮಕ್ಕಳ ಕೂಗಾಟವೂ ಇಲ್ಲ, ಬೀದಿಯ ಜಗಳವೂ ಇಲ್ಲ. ಎಲ್ಲಿ ನೋಡಿದರೂ ತಮ್ಮ ವಯಸ್ಸಿನವರೇ. ಒಡನಾಟವು ಸುಖಕರವೇ ಸರಿ. ಸಾಯಂಕಾಲದ ಹರಟೆಯಲ್ಲಿ ನಗುತ್ತಿದ್ದ ಮುಖಗಳನ್ನು ಕಂಡೆನು. ಆದರೆ ಆ ಮುಖಗಳಲ್ಲಿ ಒಂದೊಂದಾಗಿ ಕಡಮೆಯಾಗುವುದನ್ನೂ ಅವರೇ ನೋಡುತ್ತಿರಬೇಕು.

ಅಲ್ಲಿ ಚಕ್ರದ ಕುರ್ಚಿಯನ್ನು ತಳ್ಳುತ್ತಿದ್ದ ಹುಡುಗಿಯನ್ನು, “ನಿನ್ನ ತಾಯಿತಂದೆಗಳೆಲ್ಲಿ ಮಗಳೇ?” ಎಂದು ಕೇಳಿದೆನು. ರಾಯಚೂರಿನ ಕಡೆಯ ಹಳ್ಳಿಯಲ್ಲಿ ತಾಯಿಯೊಬ್ಬಳೇ ಇರುವಳೆಂದೂ, ನೆರೆಯವರು ನೋಡಿಕೊಳ್ಳುವರೆಂದೂ ಹೇಳಿದಳು. ಆ ತಾಯಿಗೆ ಕರೆಗಂಟೆಯಿಲ್ಲ. 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯಿದೆಯು ಪ್ರತಿಯೊಂದು ಜಿಲ್ಲೆಯಲ್ಲಿಯೂ ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಸ್ಥಳವುಳ್ಳ ನಿವಾಸವಿರಬೇಕೆಂಬ ಆಶಯವನ್ನು ಇಟ್ಟುಕೊಂಡಿದೆ. ವಿದ್ಯಾರ್ಥಿಗಳಿಗೆ ಪ್ರಸಾದನಿಲಯಗಳನ್ನು ಕಟ್ಟಿ ನಾಡನ್ನು ಓದಿಸಿದ ಮಠಗಳು ಈ ತಾಯಂದಿರ ವಿಷಯದಲ್ಲಿ ಇನ್ನೂ ಅಷ್ಟು ಮಾಡಿಲ್ಲವೆಂಬ ಮಾತನ್ನು, ಶ್ರೀಗಳವರ ಕ್ಷಮೆಯನ್ನು ಬೇಡಿ, ಈ ಜ್ಯೂಬಿಲಿಯ ವೇದಿಕೆಯಿಂದಲೇ ಹೇಳುತ್ತೇನೆ.

ಅದೇ ಕಾಯಿದೆಯ ಇನ್ನೊಂದಂಶವನ್ನು ಊರಿನಲ್ಲಿಯೇ ಉಳಿಯುವವರು ಅರಿತಿರಬೇಕು. ಮಕ್ಕಳಿಗೆ ಆಸ್ತಿಯನ್ನು ದಾನಪತ್ರದ ಮೂಲಕ ಕೊಡುವವರು, ತಮ್ಮನ್ನು ನೋಡಿಕೊಳ್ಳತಕ್ಕದ್ದೆಂಬ ಷರತ್ತನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಯಿಸಬೇಕು. ಹಾಗೆ ಬರೆಯಿಸಿದ್ದರೆ, ನೋಡಿಕೊಳ್ಳದ ಪಕ್ಷದಲ್ಲಿ 23ನೆಯ ಪ್ರಕರಣದ ಮೇರೆಗೆ ಆ ದಾನವನ್ನು ರದ್ದುಪಡಿಸುವಂತೆ ನ್ಯಾಯಮಂಡಲಿಯನ್ನು ಕೇಳಬಹುದು. ಬಾಯಿಮಾತಿನ ನಂಬಿಕೆಯಿಂದ ಕೊಟ್ಟು ಬರಿಗೈಯಾದವರು ನಮ್ಮ ಮಠದ ಪಂಕ್ತಿಯಲ್ಲಿಯೇ ಊಟಕ್ಕೆ ಕುಳಿತುಕೊಳ್ಳುತ್ತಿರುವರು. ಅಂಥವರ ಮುಂದೆ ನಿಂತು ಮನೆಯೇ ಮೇಲು, ನಿವಾಸವು ಕೀಳು ಎಂದು ಹೇಳಲು ನನಗೆ ಧೈರ್ಯವಿಲ್ಲ.

ಹಾಗಾದರೆ ಆ ದಂಪತಿಗಳಿಗೆ ನಾನು ಹೇಳಿದುದೇನು? ಮನೆಯನ್ನು ಈಗಲೇ ಮಾರಬೇಡಿರಿ. ಕೊಳ್ಳುವ ಬದಲು ಮೂರು ತಿಂಗಳು ಬಾಡಿಗೆಗೆ ಇದ್ದು ನೋಡಿರಿ. ಆ ಮೂರು ತಿಂಗಳು ಮಳೆಗಾಲವಾಗಿರಲಿ, ಏಕೆಂದರೆ ಬಿಸಿಲಿನ ದಿನಗಳಲ್ಲಿ ಎಲ್ಲ ತೋಟಗಳೂ ಚೆಲುವಾಗಿಯೇ ಕಾಣುವುವು. ಹಾಸಿಗೆ ಹಿಡಿದವರ ಅಂತಸ್ತನ್ನು ಕೇಳಿ ನೋಡಿರಿ. ಅದನ್ನು ತೋರಿಸಲು ಹಿಂಜರಿದರೆ ಮರಳಿ ಬನ್ನಿರಿ. ಗಂಡನಿಲ್ಲದೆ ಅಲ್ಲಿ ಒಂಟಿಯಾಗಿರುವ ಹೆಣ್ಣುಮಕ್ಕಳೊಡನೆ ತಾಯಿಯವರು ಮಾತನಾಡಲಿ. ಅಷ್ಟರೊಳಗೆ ಊರಿನ ಮನೆಯ ಬಚ್ಚಲಿಗೆ ಕಂಬಿ ಹಾಕಿಸಿ, ಹೊಸ್ತಿಲನ್ನು ತಗ್ಗಿಸಿ, ಅಡುಗೆಗೆ ಒಬ್ಬರನ್ನು ಗೊತ್ತುಮಾಡಿರಿ. ತಾಯಿಯವರ ಬಯಕೆಯು ಊರಿನಲ್ಲಿಯೇ ತೀರುವುದಾದರೆ ಬೆಂಗಳೂರು ಏಕೆ? ತೀರದಿದ್ದರೆ, ಅವರು ಅಲ್ಲಿರುವುದು ಮಗನು ಕೈಬಿಟ್ಟುದರ ಗುರುತೆಂದು ಯಾರೂ ಆಡಿಕೊಳ್ಳದಿರಲಿ. ಮೊದಲು ಆಡಿದವನು ನಾನೇ ಆದುದರಿಂದ ಈ ಮಾತನ್ನು ಬಿಚ್ಚಿ ಹೇಳುತ್ತಿದ್ದೇನೆ.

ಕೊನೆಗೆ ತಾಯಿಯವರು ಒಂದು ಷರತ್ತನ್ನು ತಾವೇ ಸೇರಿಸಿದರು. ಅಲ್ಲಿಯ ವಾಚನಾಲಯದಲ್ಲಿ ವಾರಕ್ಕೊಂದು ದಿನ ವಚನವಾಚನವನ್ನು ನಡೆಸಲು ತಮಗೆ ಅವಕಾಶ ಕೊಡಬೇಕೆಂದೂ, ಬಿಲ್ವದ ಒಂದು ಸಸಿಯನ್ನು ತಾವೇ ನೆಟ್ಟು ತಾವೇ ನೀರೆರೆಯುವೆವೆಂದೂ ಕಾಗದ ಬರೆದರು. ಅಧಿಕಾರಿಗಳು ಒಪ್ಪಿರುವರು. ದಂಪತಿಗಳು ಕಳೆದ ವಾರ ಶ್ರೀಗಳವರ ಆಶೀರ್ವಾದವನ್ನು ಪಡೆದು ಹೊರಟರು. ದೀಪಾವಳಿಗೆ ಬಂದು ತಮ್ಮ ತೀರ್ಮಾನವನ್ನು ತಿಳಿಸುವರು. ಊರಿನ ಮನೆಯ ಬೀಗದ ಕೈ ಸದ್ಯಕ್ಕೆ ಮಠದ ಕಛೇರಿಯಲ್ಲಿದೆ.