ಉಸುಕಿನಿಂದ ಎದ್ದ ಕರಿಪುಡಿ

(ಸುವರ್ಣ ಮಹೋತ್ಸವದಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಊರಿಗೆ ಬಂದಾಗಲೆಲ್ಲ "ಅಲ್ಲಿ ಏನ್ ಸಂಶೋಧನೆ ಮಾಡ್ತೀಯಪಾ?" ಎಂದು ಕೇಳುತ್ತೀರಿ. "ಫೆರೈಟ್ ನ್ಯಾನೋಕಣಗಳ ರಚನೆ ಮತ್ತು ಕಾಂತಗುಣ" ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಇವತ್ತು ಅದನ್ನೇ ಬಿಡಿಸಿ ಹೇಳುತ್ತೇನೆ.

ಕೆಟ್ಟುಹೋದ ಸ್ಪೀಕರ್ ಒಡೆದು ಒಳಗಿನ ಕರಿ ಬಳೆಯಂಥ ಅಯಸ್ಕಾಂತ ತೆಗೆದವರು ನಾವು. ಅದನ್ನು ಹಳ್ಳದ ಉಸುಕಿನಲ್ಲಿ ಎಳೆದರೆ ಕರಿಪುಡಿ ಮೀಸೆಯಂತೆ ಅಂಟುತ್ತಿತ್ತು. ಆ ಬಳೆ ಫೆರೈಟ್. ಆ ಪುಡಿಯಲ್ಲಿರುವ ಮ್ಯಾಗ್ನೆಟೈಟ್ ಕೂಡ ಫೆರೈಟ್. ಕಬ್ಬಿಣ, ಆಮ್ಲಜನಕ, ಹಲವು ಸಲ ಜೊತೆಗೆ ಇನ್ನೊಂದು ಲೋಹ, ಇಷ್ಟು ಸೇರಿದರೆ ಫೆರೈಟ್.

ನಾನು ಮಾಡುವುದು ಕೋಬಾಲ್ಟ್ ಫೆರೈಟ್. ಅದರ ಹರಳಿನಲ್ಲಿ ಲೋಹದ ಅಯಾನುಗಳು ಕೂರುವ ಜಾಗಗಳು ಎರಡು ಬಗೆ. ಹರಳಿನ ಒಂದೊಂದು ಘಟಕದಲ್ಲಿ ಒಂದು ಬಗೆಯ ಜಾಗದಲ್ಲಿ 8, ಇನ್ನೊಂದರಲ್ಲಿ 16 ಅಯಾನುಗಳಿರುತ್ತವೆ. ಎರಡು ಗುಂಪುಗಳ ಕಾಂತತ್ವ ಎದುರುಬದುರು. ಹಗ್ಗಜಗ್ಗಾಟದಲ್ಲಿ ಎರಡೂ ಕಡೆ ಸಮ ಇದ್ದರೆ ಹಗ್ಗ ಅಲುಗುವುದಿಲ್ಲ. ಇಲ್ಲಿ ಸಮ ಇಲ್ಲ. ಮಿಕ್ಕ ಸೆಳೆತವೇ ಫೆರೈಟಿನ ಕಾಂತಶಕ್ತಿ. 1948ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಲೂಯಿ ನೀಲ್ ಅವರಿಗೆ 1970ರಲ್ಲಿ ನೊಬೆಲ್ ಬಂತು.

ಇನ್ನು ನ್ಯಾನೋ. ಒಂದು ಮಿಲಿಮೀಟರಿಗೆ 10 ಲಕ್ಷ ನ್ಯಾನೋಮೀಟರ್. ನನ್ನ ಕಣ ಸುಮಾರು 20 ನ್ಯಾನೋಮೀಟರ್. 50,000 ಕಣ ಸಾಲಾಗಿ ನಿಂತರೆ ಒಂದು ಮಿಲಿಮೀಟರ್. ಇಷ್ಟು ಸಣ್ಣದಾದಾಗ ಹೊರಮೈಯಲ್ಲಿರುವ ಅಯಾನುಗಳ ಪಾಲು ಹೆಚ್ಚು. ಅವುಗಳಿಗೆ ಒಂದು ಪಕ್ಕ ನೆರೆಯವರಿಲ್ಲ, ಸಾಲು ತಪ್ಪುತ್ತವೆ. ಅದಕ್ಕೇ ಸಣ್ಣ ಕಣಗಳ ಕಾಂತತ್ವ ದೊಡ್ಡ ಹರಳಿಗಿಂತ ಸಾಮಾನ್ಯವಾಗಿ ಕಡಿಮೆ.

ಮಾಡುವುದು ಹೇಗೆ? ನಮ್ಮ ನೆಲ್ಲಿನ ಗದ್ದೆಗೆ ಹಾಕುವ ಯೂರಿಯಾವೇ ಇಲ್ಲಿ ಉರುವಲು! ಲೋಹದ ನೈಟ್ರೇಟುಗಳ ಜೊತೆ ಯೂರಿಯಾ ಕರಗಿಸಿ ಸುಮಾರು 500 ಡಿಗ್ರಿಯ ಕುಲುಮೆಯಲ್ಲಿಟ್ಟರೆ, ಅದು ಕುದಿದು, ನೊರೆಯೆದ್ದು, ಹೊತ್ತಿ, ಕೆಲವೇ ನಿಮಿಷಗಳಲ್ಲಿ ಹಗುರ ಪುಡಿಯಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಸಿ. ಪಾಟೀಲ ಮತ್ತು ಕಿಂಗ್ಸ್ಲಿ ಈ ದಾರಿಯಲ್ಲಿ ಅಲ್ಯುಮಿನಾ ಮಾಡಿ 1988ರಲ್ಲಿ ಪ್ರಕಟಿಸಿದರು. ಇಂದು ಜಗತ್ತಿನ ಅನೇಕ ಪ್ರಯೋಗಾಲಯಗಳು ಹೀಗೆ ಫೆರೈಟ್ ಮಾಡುತ್ತವೆ.

ಈಗ ನನ್ನ ತಪ್ಪಿನ ಕಥೆ. ನಾಲ್ಕು ತಿಂಗಳು ದುಡಿದು ಮಾಡಿದ ಪುಡಿಯ ಕಾಂತತ್ವ ಬಹಳ ಕಡಿಮೆ ಬಂತು. "ಕಣ ಸಣ್ಣದು, ಅದಕ್ಕೇ ಕಡಿಮೆ" ಎಂದು ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಎಕ್ಸ್‌-ರೇ ನಕ್ಷೆಯಲ್ಲಿ 33 ಡಿಗ್ರಿಯ ಹತ್ತಿರ ಒಂದು ಪುಟ್ಟ ಗೆರೆ ಇತ್ತು. ಅದು ಫೆರೈಟಿನದಲ್ಲ, ಬರೀ ಕಬ್ಬಿಣದ ಆಕ್ಸೈಡಿನದು. ಅಳಿಸಿಬಿಡಲೇ ಎನಿಸಿದ್ದು ಸುಳ್ಳಲ್ಲ. ಎರಡು ರಾತ್ರಿ ನಿದ್ದೆ ಬರಲಿಲ್ಲ.

ಮೂರನೆಯ ದಿನ ಹೊಳೆಯಿತು. ಮಳೆಗಾಲದಲ್ಲಿ ಬಾಯಿ ಬಿಚ್ಚಿಟ್ಟ ಯೂರಿಯಾ ಚೀಲ ತೇವ ಹೀರಿ ಗಂಟುಗಟ್ಟುವುದನ್ನು ಇಲ್ಲಿ ಯಾವ ರೈತ ಕಂಡಿಲ್ಲ? ಕೋಬಾಲ್ಟ್ ನೈಟ್ರೇಟ್ ಕೂಡ ಹಾಗೇ ತೇವ ಹೀರುತ್ತದೆ. ನಾನು ತೂಗಿದ್ದರಲ್ಲಿ ನೀರೂ ಸೇರಿತ್ತು! ಕೋಬಾಲ್ಟ್ ಕಡಿಮೆಯಾಗಿ, ಕಬ್ಬಿಣ ಹೆಚ್ಚಾಗಿ ಉಳಿದಿತ್ತು. ಅದರಲ್ಲಿರುವ ಕೋಬಾಲ್ಟ್ ಎಷ್ಟೆಂದು ಮೊದಲು ಅಳೆದು, ಎಲ್ಲವನ್ನೂ ಮತ್ತೆ ಮಾಡಿದೆ. ಗೆರೆ ಹೋಯಿತು, ಕಾಂತತ್ವ ಏರಿತು. ಆದರೂ ದೊಡ್ಡ ಹರಳಿನಷ್ಟು ಬರಲಿಲ್ಲ. ಕಣ ಸಣ್ಣದು ಎಂಬ ಕಾರಣ ಆ ಉಳಿದ ಕೊರತೆಗೆ ಮಾತ್ರ ಸಲ್ಲುತ್ತದೆ. ಮೊದಲೇ ಗೆರೆ ಅಳಿಸಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ಮಕ್ಕಳೇ, ಪ್ರಯೋಗದ ವಹಿಯಲ್ಲಿ ಉತ್ತರಕ್ಕೆ ತಕ್ಕಂತೆ ಅಳತೆ ತಿದ್ದಿದವರಲ್ಲಿ ನಾನೂ ಒಬ್ಬ. ನೀವು ಹಾಗೆ ಮಾಡಬೇಡಿ. ಬಂದದ್ದನ್ನೇ ಬರೆಯಿರಿ, ಯಾಕೆ ಬಂತೆಂದು ಗುರುಗಳನ್ನು ಕೇಳಿರಿ. ಉಸುಕಿನಲ್ಲಿ ಪುಡಿ ಯಾಕೆ ಅಂಟುತ್ತದೆ ಎಂದು ಕೇಳಲು ನನಗೆ ಧೈರ್ಯ ಕೊಟ್ಟದ್ದು ಈ ಶಾಲೆ.