ಶಿಸ್ತೂ ಶ್ರಮವೂ
(ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡಿಗರಲ್ಲಿ ಉತ್ಸಾಹಕ್ಕೆ ಎಂದೂ ಬರವಿಲ್ಲ. ಸಭೆ ನೆರೆದರೆ ಜಯಘೋಷವು ಮುಗಿಲು ಮುಟ್ಟುವದು. ಆದರೆ ಘೋಷವು ಅಡಗಿದ ಮರುದಿನ ಮುಂಜಾನೆ ಕೆಲಸಕ್ಕೆ ನಿಲ್ಲುವ ಕೈಗಳೆಷ್ಟು? ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ. ಉತ್ತರನಿಗೆ ಮಾತಿನ ಕೊರತೆಯಿರಲಿಲ್ಲ, ರಣದ ಅಭ್ಯಾಸವಿರಲಿಲ್ಲ.

ಅಭ್ಯಾಸದ ಬೆಲೆಯನ್ನು ಕೃತಿಯಿಂದ ತೋರಿಸಿಕೊಟ್ಟವರು ಹುಬ್ಬಳ್ಳಿಯ ಡಾಕ್ಟರ ನಾ. ಸು. ಹರ್ಡೀಕರರು. 1923ರಲ್ಲಿ ನಾಗಪುರದ ಧ್ವಜಸತ್ಯಾಗ್ರಹಕ್ಕೆ ನಾನಾ ಪ್ರಾಂತಗಳಿಂದ ಜನರು ಹೋದರು. ಸೆರೆಮನೆಯ ಕಷ್ಟವನ್ನು ತಾಳಲಾರದೆ ಕ್ಷಮೆ ಬೇಡಿ ಹೊರಬಂದವರು ಹಲವರು. ಹರ್ಡೀಕರರ ಕೈಕೆಳಗೆ ಶಿಸ್ತನ್ನು ಕಲಿತ ಹುಬ್ಬಳ್ಳಿಯ ತಂಡವು ಮಾತ್ರ ಬಾಗಲಿಲ್ಲ. ಅವರ ದೇಶಭಕ್ತಿಯು ಉಳಿದವರದಕ್ಕಿಂತ ದೊಡ್ಡದಾಗಿತ್ತೆಂದು ಹೇಳಲಾಗದು. ಆ ಭಕ್ತಿಗೆ ಶಿಕ್ಷಣದ ಬೆನ್ನೆಲುಬಿತ್ತು, ಅಷ್ಟೆ.

ಕವಾಯತು ಮನುಷ್ಯನನ್ನು ಯಂತ್ರವನ್ನಾಗಿ ಮಾಡುವದೆಂದು ಕೆಲವರು ಆಕ್ಷೇಪಿಸುವರು. ಯಂತ್ರಗಳಾಗಿದ್ದರೆ ಆ ತರುಣರು ಅಧಿಕಾರಿಯು ಹೇಳಿದೊಡನೆ ಕ್ಷಮಾಪತ್ರಕ್ಕೆ ಸಹಿ ಹಾಕುತ್ತಿರಲಿಲ್ಲವೇ? ತನ್ನನ್ನು ತಾನು ಆಳಬಲ್ಲವನನ್ನು ಪರರು ಆಳಲಾರರು.

ಈ ಅನುಭವದಿಂದಲೇ ಅದೇ ವರ್ಷದ ಡಿಸೆಂಬರದಲ್ಲಿ, ಕಾಕಿನಾಡದ ಕಾಂಗ್ರೆಸ್ ಅಧಿವೇಶನದ ಕಾಲಕ್ಕೆ, ಹಿಂದುಸ್ತಾನಿ ಸೇವಾದಳವು ಹುಟ್ಟಿತು. ಮರುವರ್ಷ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಅಧಿವೇಶನವು ನೆರೆದಾಗ, ಶಿಕ್ಷಣ ಪಡೆದ ಸ್ವಯಂಸೇವಕರು ಅದರ ಭಾರವನ್ನು ಹೊತ್ತರು. ಉಮಾಬಾಯಿ ಕುಂದಾಪುರ ಅವರು ನೂರಕ್ಕೂ ಮಿಕ್ಕ ಮಹಿಳೆಯರನ್ನು ಸೇವೆಗೆ ಅಣಿಗೊಳಿಸಿದರು. ಹೆಣ್ಣುಮಕ್ಕಳು ಹೊಸ್ತಿಲು ದಾಟುವದೇ ಸಾಹಸವಾಗಿದ್ದ ಕಾಲವದು.

ಅದೇ ಬೆಳಗಾವಿಯಲ್ಲಿ, ಅದೇ ಸಮಯದಲ್ಲಿ, ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಪ್ರಥಮ ಏಕೀಕರಣ ಪರಿಷತ್ತು ಕೂಡಿತು. ಅಲ್ಲಿಂದ 1956ರ ನವೆಂಬರ 1ರವರೆಗೆ ಹತ್ತಿರ ಹತ್ತಿರ 32 ವರ್ಷ! ಒಂದು ದಿನದ ಆವೇಶವು ಅಷ್ಟು ದೂರ ನಡೆಯಲಾರದು. ಠರಾವು ಬರೆದವರು, ಊರೂರು ತಿರುಗಿದವರು, ವರ್ಗಣಿ ಕೂಡಿಸಿದವರು, ಮೊಳೆ ಜೋಡಿಸಿ ಪತ್ರಿಕೆ ಅಚ್ಚು ಹಾಕಿದವರು—ಇವರ ಬೆವರಿನಿಂದ ನಾಡು ಒಂದಾಯಿತು.

ನಕಾಶೆಯಲ್ಲಿ ನಾಡು ಕೂಡಿತು. ನಾಡನ್ನು ನಡೆಸುವ ಕೈಗಳು ತಾವಾಗಿ ಹುಟ್ಟುವದಿಲ್ಲ. ಗುರುಗಳೇ, ಅವುಗಳನ್ನು ಸಿದ್ಧಪಡಿಸುವ ಭಾರವು ನಿಮ್ಮದು. ಹುಡುಗನಿಗೆ ಕನ್ನಡದ ಅಭಿಮಾನವನ್ನು ಬೋಧಿಸುವದು ಸುಲಭ; ಕನ್ನಡದಲ್ಲಿ ತಪ್ಪಿಲ್ಲದೆ ಒಂದು ಅರ್ಜಿ ಬರೆಯಲು, ಒಂದು ಲೆಕ್ಕವನ್ನು ಚೊಕ್ಕವಾಗಿ ಇಡಲು, ಹೇಳಿದ ವೇಳೆಗೆ ಹೇಳಿದ ಸ್ಥಳದಲ್ಲಿ ಇರಲು ಕಲಿಸುವದು ಕಷ್ಟ. ಆ ಕಷ್ಟದ ಪಾಠವನ್ನೇ ದಿನವೂ ಕಲಿಸಿರಿ. ನವೆಂಬರ ಒಂದರಂದು ಧ್ವಜವನ್ನು ಎತ್ತಿದ ಕೈ, ಎರಡರಂದು ಕೆಲಸವನ್ನು ಎತ್ತಿಕೊಳ್ಳಲಿ. ತಾಯಿಗೆ ಸಲ್ಲುವ ನಿಜವಾದ ಜಯಘೋಷವು ಅದೇ.